ದೇವರ ಹಿಂದಿನ ಹಳದಿ ದೀಪ

ಸಂಗನಬಸವನ ಹಳೆ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಎಂಜಿನ್ ಆಕಾರದ ಹಳದಿ ದೀಪ ಹತ್ತಿಕೊಂಡು ಎಂಟು ದಿನವಾಗಿತ್ತು. ಎಂಜಿನ್ನಿಗಿಂತ ಹೆಚ್ಚು ಕಾದವಳು ಹೆಂಡತಿ ಶೈಲಾ.

"ಆ ದೀಪ ಆರೂತನಕ ನಾ ಇದರಾಗ ಕೂಡಂಗಿಲ್ಲ. ಸಂಜಿಕ ಬಬಲೇಶ್ವರದಾಗ ಬಸುರಿ ತಂಗಿ ಕುಬಸ ಐತಿ. ಬಸ್ಸಿಗೆ ಹೋಗಿ ಇಳದ್ರ ತವರಿನವರ ಮುಂದ ನಿಮ್ಮ ಮರ್ಯಾದಿನ ಹೋಗತೈತಿ, ನೋಡ್ರಿ!"

ವಿಜಯಪುರದ ಆ ಓಣಿಯಲ್ಲಿ ಸಲಹೆಗೇನು ಬರ! ಎದುರುಮನೆಯ ರುದ್ರವ್ವ ದೃಷ್ಟಿಯಾಗಿದೆಯೆಂದು ಗಾಲಿಗೆ ಲಿಂಬೆಹಣ್ಣು ಇಡಿಸಿದಳು. ಷರಬತ್ತಿನ ಹಣ್ಣು ಹಾಳಾಯಿತು, ದೀಪ ಆರಲಿಲ್ಲ. ನಿವೃತ್ತ ಮಾಸ್ತರ ಗುರುಪಾದಯ್ಯನವರು "ಕಾಣದಿದ್ರ ಇಲ್ಲದಂಗ" ಎಂದು ದೀಪದ ಮೇಲೊಂದು ದೇವರ ಚಿತ್ರ ಅಂಟಿಸಿದರು. ಕೀಲಿ ತಿರುಗಿಸಿದರೆ ದೇವರ ಹಿಂದೆ ಹಳದಿ ಪ್ರಭಾವಳಿ! ರುದ್ರವ್ವ ಕೈ ಮುಗಿದಳು. ಶೈಲಾ ಮುಗಿಯಲಿಲ್ಲ.

ಸಂಗನಬಸವ ಇಬ್ರಾಹಿಂಪುರದ ಮೇಸ್ತ್ರಿ ಅಬ್ದುಲಸಮದನ ಗ್ಯಾರೇಜಿಗೆ ಓಡಿದ. ಅವನು ಸ್ಕ್ಯಾನರ್ ಚುಚ್ಚಿ, ಕೋಡ್ ಓದಿ, ಗುಂಡಿ ಒತ್ತಿದ. ದೀಪ ಆರಿತು.

"ರೋಗ ಹೋಗಿಲ್ರಿ ಸಾವಕಾರ್ರ, ಡಾಕ್ಟರ್ ಚೀಟಿ ಹರದೇನಿ ಅಷ್ಟ. ಒಂದಿಷ್ಟು ದೂರ ಓಡಿದ್ರ ಮತ್ತ ಹತ್ತತೈತಿ. ಗಾಡಿ ಬಿಡ್ರಿ, ಎರಡು ದಿನದಾಗ ರಿಪೇರಿ ಮಾಡ್ತೇನಿ."

"ಒಂದಿಷ್ಟು ದೂರ ಸಾಕೋ ಮಾರಾಯಾ," ಎಂದ ಸಂಗನಬಸವ.

ಕಳ್ಳಕವಟಗಿಯ ಗೊಲ್ಲಾಳಪ್ಪ ಕಾರಿಗೆ ಕಾರು ಅದಲು ಬದಲು ಮಾಡೋಣವೆಂದು ವಾರದಿಂದ ಗಂಟುಬಿದ್ದಿದ್ದ. ಮಧ್ಯಾಹ್ನ ಇಬ್ಬರೂ ಟಿಕೋಟಾದ ಚಹಾದಂಗಡಿಯ ಮುಂದೆ ಕೂಡಿದರು. ಗೊಲ್ಲಾಳಪ್ಪ ಕಾರಿನೊಳಗೆ ಇಣುಕಿದ.

"ದೇವರನ್ನ ಇಟಗೊಂಡ ಗಾಡಿ. ಇನ್ನೇನು ನೋಡೂದು, ತಗೋರಿ ಕೀಲಿ!"

ಅವನ ಕಾರಿನಲ್ಲೂ ಅದೇ ಜಾಗದಲ್ಲಿ ದೇವರ ಚಿತ್ರವಿತ್ತು. ಇಂಥ ದೈವಭಕ್ತನಿಗೆ ಮೋಸ ಮಾಡುತ್ತಿದ್ದೇನಲ್ಲ ಎಂದು ಸಂಗನಬಸವನಿಗೆ ಅನಿಸಿತು. ಅದನ್ನು ಚಹಾದ ಜೊತೆ ನುಂಗಿ, ಹೊಸ ಗಾಡಿ ಹತ್ತಿದ.

ಊರು ಇನ್ನೇನು ಬಂತೆನ್ನುವಾಗ ದೇವರ ಹಿಂದೆ ಹಳದಿ ಪ್ರಭಾವಳಿ ಮೂಡಿತು.

ಗಾಡಿ ನಿಲ್ಲಿಸಿ ಫೋನ್ ಹಚ್ಚಿದ. "ಅಬ್ದುಲಸಮದ್, ಗೊಲ್ಲಾಳಪ್ಪನ ಗಾಡ್ಯಾಗೂ ದೀಪ ಹತ್ತೇತಲ್ಲೋ!"

"ಹತ್ತಲಾರದ ಏನ್ಮಾಡತೈತ್ರಿ? ಮುಂಜಾನಿ ನಿಮಗಿಂತ ಮೊದಲ ಅವರ ಗಾಡಿ ಕೋಡ್ ಅಳಿಸೇನಿ. ಈಗ ಅವರೂ ಫೋನ್ ಮಾಡಿದ್ರು, ನಿಮಗ ಬಾಯಿಗೆ ಬಂದಂಗ ಬೈಯಾಕತ್ತಾರ."

ಮನೆ ಮುಂದೆ ಶೈಲಾ ಇಳಕಲ್ ಸೀರೆಯುಟ್ಟು ಸಿದ್ಧಳಾಗಿದ್ದಳು. ಹೊಸ ಕಾರು ಕಂಡು ಮುಖ ಅರಳಿತು. ಬಾಗಿಲು ತೆಗೆದು ಒಂದು ಕಾಲು ಒಳಗಿಟ್ಟವಳು ದೇವರ ಹಿಂದಿನ ಹಳದಿ ಬೆಳಕು ಕಂಡು ಹಾಗೇ ನಿಂತಳು.

"ಗಾಡಿ ಬದಲಿ ಮಾಡೀರಿ ಖರೆ. ದೇವರು ಮಾತ್ರ ಅವನ ಅದಾನಲ್ರಿ!"

ಅಷ್ಟು ಹೇಳಿ ಬಸ್ ಸ್ಟ್ಯಾಂಡಿನ ಕಡೆ ನಡೆದಳು. ಕುಬಸದ ಬುಟ್ಟಿ ಹೊತ್ತು ಸಂಗನಬಸವ ಹಿಂದೆ ಹೊರಟ.