ಅಪ್‌ಡೇಟ್ ಆದ ಮದುವೆ ಪತ್ರಿಕೆ

ತಿಪಟೂರಿನಲ್ಲಿ ನನ್ನದೊಂದು ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ ಇದೆ. ಬೋರ್ಡಿನಲ್ಲಿ ನನ್ನ ಹೆಸರಿನ ಮುಂದೆ ಬಿ.ಕಾಂ. ಅಂತಲೂ ಬರೆಸಿದ್ದೇನೆ. ಅದನ್ನು ಬಹಳ ಕಾಲ ಯಾರೂ ಓದಿದ್ದು ನಾನು ಕಂಡಿರಲಿಲ್ಲ. ಅಂಗಡಿಯ ಕಂಪ್ಯೂಟರ್ ವರ್ಷಕ್ಕೆರಡು ಸಲ ನನ್ನನ್ನು ಒಂದು ಮಾತೂ ಕೇಳದೆ ಅಪ್‌ಡೇಟ್ ಆಗುತ್ತದೆ. ಆದಾಗಲೆಲ್ಲ ಒಂದು ವಾರ ನನ್ನ ಮಾನ ಅದರ ಕೈಯಲ್ಲಿರುತ್ತದೆ. ಹೋದ ಸಲವಂತೂ ಒಂದು ಹುಡುಗಿಯ ಮದುವೆಯೇ ಅದರ ಕೈಗೆ ಸಿಕ್ಕಿಬಿಟ್ಟಿತ್ತು.

೧. ಈಡುಗಾಯಿ

ಬಿಳಿಗೆರೆಯ ತೆಂಗಿನ ಬೆಳೆಗಾರರೊಬ್ಬರು ಮಗಳ ಲಗ್ನಪತ್ರಿಕೆ ಮಾಡಿಸಲು ಕೊಟ್ಟಿದ್ದರು. ಶನಿವಾರವೇ ಮುಕ್ಕಾಲು ಪಾಲು ಮುಗಿಸಿದ್ದೆ. ಗಂಡಿನ ಹೆಸರಿನ ಸಾಲೊಂದು ಮಾತ್ರ ಬಾಕಿ. ಹುಡುಗ ಏನು ಓದಿದ್ದಾನೆಂದು ಬೀಗರನ್ನು ಸರಿಯಾಗಿ ಕೇಳಿಕೊಂಡು ಬರುತ್ತೇನೆ ಎಂದು ಅವರು ಹೋಗಿದ್ದರು. ಭಾನುವಾರ ಅಪ್‌ಡೇಟ್ ಆಯಿತು. ಸೋಮವಾರ ಬೆಳಿಗ್ಗೆ ಅವರು ಬಂದು, "ಎಂ.ಎಸ್ಸಿ. ಅಂತೆ ಕಣ್ರೀ, ಹಾಕಿ," ಎಂದರು.

ಫೈಲು ತೆರೆದುಕೊಂಡಿತು, ಒಂದಕ್ಷರವೂ ಬೀಳಲಿಲ್ಲ. ಕೀಲಿಮಣೆ ಕುಟ್ಟಿದೆ, ತಿರುಗಿಸಿ ಕೊಡವಿದೆ. ಅವಲಕ್ಕಿ ಉದುರಿತೇ ಹೊರತು ಅಕ್ಷರ ಬರಲಿಲ್ಲ.

"ದೃಷ್ಟಿ ಆಗೈತೆ, ತಡೀರಿ," ಎಂದವರೇ ಸ್ಕೂಟರಿನ ಚೀಲದಿಂದ ಒಂದು ಕಾಯಿ ತಂದು, ಕಂಪ್ಯೂಟರಿಗೆ ಮೂರು ಸುತ್ತು ನಿವಾಳಿಸಿ, ಹೊಸಿಲಾಚೆ ಹೋಗಿ ಫಟ್ ಎಂದು ಒಡೆದರು. ಅದೇ ಗಳಿಗೆಯಲ್ಲಿ ನನ್ನ ಹೆಂಡತಿ ಹಿಂದಿನಿಂದ ಕೈಚಾಚಿ, ಪರದೆಯ ನೆತ್ತಿಯಲ್ಲಿದ್ದ ಹಳದಿ ಪಟ್ಟಿಯ ಗುಂಡಿ ಒತ್ತಿದಳು. 'ಓದಲು ಮಾತ್ರ' ಎಂದಿದ್ದ ಫೈಲು 'ತಿದ್ದಬಹುದು' ಆಯಿತು. ಅಕ್ಷರ ಸರಸರ ಬಿದ್ದವು.

"ನೋಡುದ್ರಾ, ನಮ್ಮ ತೋಟದ ಕಾಯಿ!" ಎಂದರು ಬೆಳೆಗಾರರು.

ಗುಂಡಿಯ ವಿಷಯ ಮುಚ್ಚಿಟ್ಟು ಟೈಪು ಮುಗಿಸಿದೆ. ಮಧ್ಯಾಹ್ನದ ಹೊತ್ತಿಗೆ ಸುದ್ದಿ ಬೀದಿಯೆಲ್ಲ ಹರಡಿ, ಪಕ್ಕದ ಮೊಬೈಲ್ ಅಂಗಡಿಯವರು ಬಂದು ಕೇಳಿದರು: "ಪ್ರಿಂಟರಿಗೂ ಒಂದೇ ಕಾಯಿ ಸಾಕಾ, ಇಲ್ಲ ಜೋಡಿ ಕಾಯಿ ಬೇಕಾ?"

೨. ಮೇಷ್ಟ್ರಿಗೇ ಕೆಂಪು ಗೆರೆ

ನಮ್ಮ ಅಂಗಡಿಯಲ್ಲಿ ಅಚ್ಚಾಗುವ ಪತ್ರಿಕೆಗಳನ್ನು ತಿದ್ದಿಕೊಡುವವರು ನಿವೃತ್ತ ಕನ್ನಡ ಮೇಷ್ಟ್ರೊಬ್ಬರು. ಒಂದು ಲೋಟ ಕಾಫಿ ಕೊಟ್ಟರೆ ಸಾಕು, ಒಂದು ದೀರ್ಘವನ್ನೂ ಬಿಡದೆ ಹಿಡಿಯುತ್ತಾರೆ. ಅವತ್ತು ಅವರು ಅಂಗಡಿಯ ಇನ್ನೊಂದು ಕಂಪ್ಯೂಟರಿನಲ್ಲಿ ತಮ್ಮದೇ ಒಂದು ಅರ್ಜಿ ಟೈಪು ಮಾಡುತ್ತಿದ್ದರು. ಬೀದಿಯ ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂಬ ಒಂದೂವರೆ ಪುಟದ ಅರ್ಜಿ. ಅದೂ ಅಪ್‌ಡೇಟ್ ಆಗಿ ಕನ್ನಡವನ್ನೇ ಮರೆತುಬಿಟ್ಟಿತ್ತೋ ಏನೋ, ಅವರ ಪ್ರತಿ ಪದದ ಕೆಳಗೂ ಕೆಂಪು ಗೆರೆ ಎಳೆಯಿತು.

ಮೇಷ್ಟ್ರ ಮುಖ ಅದಕ್ಕಿಂತ ಕೆಂಪಾಯಿತು. "ನಲವತ್ತು ವರ್ಷ ಊರಿನವರ ಮಕ್ಕಳಿಗೆಲ್ಲ ಕೆಂಪು ಗೆರೆ ಎಳ್ದೋನು ಕಣಯ್ಯ ನಾನು! ನಂಗೇ ಗೆರೆ ಎಳಿಯಕ್ಕೆ ಇದ್ಯಾವ ಯೂನಿವರ್ಸಿಟಿ?"

"ಅದು ಹಂಗೇ ಸಾರ್, ಬುಡಿ," ಎಂದೆ. ಅವರು ಬಿಡಲಿಲ್ಲ. ಗೆರೆ ಬಿದ್ದ ಪದ ತೆಗೆದು ಬೇರೆ ಪದ ಹಾಕಿದರು. ಅದಕ್ಕೂ ಗೆರೆ. ಅದನ್ನೂ ತೆಗೆದರು. ಈ ನಡುವೆ ನಾನು, "ಸಾರ್, ಈ ಪತ್ರಿಕೆ ಒಂದು ಸಲ ನೋಡಿ," ಎಂದು ಕರೆದರೆ, "ಇವತ್ತು ನಂಗೆ ಬೇರೆಯವರ ತಪ್ಪು ಹುಡುಕೋ ಯೋಗ್ಯತೆ ಇಲ್ಲ," ಎಂದು ಬೆನ್ನು ತಿರುಗಿಸಿದರು.

ಒಂದು ಗಂಟೆಯ ನಂತರ ಒಂದೇ ಒಂದು ಕೆಂಪು ಗೆರೆ ಇಲ್ಲದ ಅರ್ಜಿಯನ್ನು ಹೆಮ್ಮೆಯಿಂದ ಪ್ರಿಂಟ್ ತೆಗೆಸಿದರು. ಅದರಲ್ಲಿ ಉಳಿದಿದ್ದದ್ದು ದಿನಾಂಕ ಮಾತ್ರ.

೩. ಯಾರು ಆ ಬಿ.ಕಾಂ.?

ಹೀಗೆ ಮೇಷ್ಟ್ರು ನೋಡದ ಪತ್ರಿಕೆಯನ್ನು ನಾನೂ ನೋಡಲಿಲ್ಲ. ಪರದೆಯ ಮೇಲೆ ಚೆನ್ನಾಗಿಯೇ ಇತ್ತು. ದಪ್ಪ ಕಾಗದದ ಮೇಲೆ ಒಂದು ಪ್ರತಿ ತೆಗೆದೆ. ಅದು ಪ್ರಿಂಟರಿನಿಂದ ಪೂರ್ತಿ ಹೊರಬರುವ ಮೊದಲೇ ಬೆಳೆಗಾರರು ಎಳೆದುಕೊಂಡು, "ಸೋಮವಾರ, ಒಳ್ಳೇ ದಿನ. ಮೊದ್ಲ ಪತ್ರಿಕೆ ಇದೇ ಆಗ್ಲಿ," ಎಂದು ಹೊರಟೇಹೋದರು. ಮನೆಯಲ್ಲಿ ಅದರ ನಾಲ್ಕು ಮೂಲೆಗೂ ಅರಿಶಿನ ಹಚ್ಚಿ, ದೇವರ ಮುಂದಿಟ್ಟು, ನೇರವಾಗಿ ಕಿಬ್ಬನಹಳ್ಳಿಯ ಬೀಗರ ಕೈಗೆ ಕೊಟ್ಟು ಬಂದರಂತೆ. ಓದಿ ನೋಡಬಾರದಿತ್ತೇ? ಅವರ ಕನ್ನಡಕ ನನ್ನ ಮೇಜಿನ ಮೇಲೇ ಇತ್ತು.

ಮಾರನೇ ದಿನ ಗಂಡಿನ ತಂದೆ, ಕೊಬ್ಬರಿ ವ್ಯಾಪಾರಿಗಳು, ಅಂಗಡಿಗೆ ನುಗ್ಗಿದರು. ಹಿಂದೆ ಬೆಳೆಗಾರರು, ಮುಖದಲ್ಲಿ ರಕ್ತವೇ ಇಲ್ಲ. ವ್ಯಾಪಾರಿಗಳು ಪತ್ರಿಕೆಯನ್ನು ನನ್ನ ಮುಂದೆ ಹಿಡಿದರು. ಅರಿಶಿನದ ನಾಲ್ಕು ಮೂಲೆಯ ನಡುವೆ, ವರನ ಜಾಗದಲ್ಲಿ ಒಬ್ಬ ಬಿ.ಕಾಂ. ಹುಡುಗನ ಹೆಸರು. ಅದರ ಮೇಲೆ ಉದ್ದಕ್ಕೂ ಗೀಟು. ಪಕ್ಕದಲ್ಲಿ ಅವರ ಮಗ, ಎಂ.ಎಸ್ಸಿ.

"ಯಾರ್ರೀ ಈ ಬಿ.ಕಾಂ.? ಎಂ.ಎಸ್ಸಿ. ಸಿಕ್ತು ಅಂತ ಬಿ.ಕಾಂ.ನ ಕೈಬಿಟ್ರಾ? ನಿಜ ಹೇಳಿ. ಇಲ್ಲ ಅಂದ್ರೆ ಈ ಮದ್ವೆ ಬ್ಯಾಡ."

"ಶಿವನಾಣೆಗೂ ನಂಗೊತ್ತಿಲ್ಲ ಬೀಗ್ರೇ," ಎಂದರು ಬೆಳೆಗಾರರು. ತಪ್ಪು ನನ್ನದು, ಪೆಟ್ಟು ಆ ಹೆಣ್ಣುಮಗುವಿಗೆ.

ಆದದ್ದು ಇಷ್ಟು. ನಾನು ಯಾರ ಪತ್ರಿಕೆಯನ್ನೂ ಹೊಸದಾಗಿ ಟೈಪು ಮಾಡುವವನಲ್ಲ. ಹಳೆಯದೊಂದು ಫೈಲು ತೆಗೆದು, ಹೆಸರು ಬದಲಿಸಿ ಮುಗಿಸುತ್ತೇನೆ. ಅಪ್‌ಡೇಟ್ ಆದ ಮೇಲೆ, ಅಳಿಸಿದ್ದನ್ನು ಪರದೆಯ ಮೇಲೆ ಮರೆಮಾಡಿ, ಅಚ್ಚಿನಲ್ಲಿ ಗೀಟು ಹೊಡೆದು ತೋರಿಸುವ ಚಾಳಿ ಯಂತ್ರಕ್ಕೆ ಅಂಟಿಕೊಂಡಿತ್ತು. ಸೋಮವಾರ ನಾನು ಬದಲಿಸಿದ್ದು ಗಂಡಿನ ಸಾಲೊಂದೇ. ಅದಕ್ಕೇ ಗೀಟು ಬಿದ್ದಿತ್ತು. ಇದನ್ನೆಲ್ಲ ಇಬ್ಬರಿಗೂ ಬಿಡಿಸಿ ಹೇಳಿದೆ.

"ಅದೆಲ್ಲ ಇರ್ಲಿ, ಬಿ.ಕಾಂ. ಯಾರು?" ಎಂದರು ವ್ಯಾಪಾರಿಗಳು.

ತಲೆ ತಗ್ಗಿಸಿ ಹೇಳಿದೆ: "ನಾನೇ ಸ್ವಾಮಿ. ಆ ಹಳೇ ಫೈಲು ನನ್ನ ಮದುವೆ ಪತ್ರಿಕೆ."

ಅವರು ಹೊರಗೆ ಹೋಗಿ ಬೋರ್ಡು ನೋಡಿದರು. ನನ್ನ ಬಿ.ಕಾಂ. ಅನ್ನು ಕೊನೆಗೂ ಒಬ್ಬರು ಓದಿದರು. ಆದರೂ ಅನುಮಾನ ಹೋಗದೆ ಒಳಬಂದು ನಿಂತಾಗ, ಜೆರಾಕ್ಸ್ ಯಂತ್ರದ ಹಿಂದಿನಿಂದ ನನ್ನ ಹೆಂಡತಿ ಎಂದಳು: "ಆ ಬಿ.ಕಾಂ. ನನ್ನ ತಲೆಗೆ ಗಂಟುಬಿದ್ದು ಹದ್ನಾಲ್ಕು ವರ್ಷ ಆಯ್ತು ಕಣ್ರೀ. ನಂಬಿಕೆ ಇಲ್ದಿದ್ರೆ ಕರ್ಕೊಂಡ್ ಹೋಗಿ, ನಾನೇನೂ ಕೇಳಕ್ಕೆ ಬರಲ್ಲ."

ವ್ಯಾಪಾರಿಗಳು ಬಿದ್ದು ಬಿದ್ದು ನಕ್ಕರು. ಬೆಳೆಗಾರರು ಬೆಂಚಿನ ಮೇಲೆ ಕುಸಿದು ಕೂತು ಒಂದು ಲೋಟ ನೀರು ಕೇಳಿದರು. ಕುಡಿದು ಸುಧಾರಿಸಿಕೊಂಡವರೇ ನನ್ನನ್ನು ದುರುಗುಟ್ಟಿ ನೋಡಿ, "ನಿನ್ನೆ ಒಡೆದ ಕಾಯಿ ವಾಪಸ್ ಕೊಡಯ್ಯ," ಎಂದರು.

೪. ಛತ್ರದಲ್ಲಿ

ಮದುವೆ ಸಾಂಗವಾಗಿ ನಡೆಯಿತು. ನಾವಿಬ್ಬರೂ ಹೋಗಿದ್ದೆವು. ಗಂಡಿನ ತಂದೆ ನನ್ನ ಭುಜ ಹಿಡಿದು ಪಂಕ್ತಿಯುದ್ದಕ್ಕೂ ಪರಿಚಯ ಮಾಡಿಸಿದರು: "ಇವ್ರೇ ನೋಡಿ, ಪತ್ರಿಕೇಲಿ ಹೊಡ್ದಾಕಿದ್ದ ಗಂಡು!"

ಊಟಕ್ಕೆ ಕೂತೆವು. ಹೋಳಿಗೆ ಎಲೆಗೆ ಬಿದ್ದ ಹೊತ್ತಿಗೆ ಗಂಡಿನ ಅಜ್ಜಿ ಕೋಲೂರಿಕೊಂಡು ನನ್ನ ಹತ್ತಿರ ಬಂದರು. ಅರ್ಧ ಕತೆ ಮಾತ್ರ ಅವರ ಕಿವಿಗೆ ಬಿದ್ದಿತ್ತೆಂದು ಕಾಣುತ್ತದೆ. ನನ್ನ ಗಲ್ಲ ಸವರಿ, ಕಣ್ಣಲ್ಲಿ ನೀರು ತಂದುಕೊಂಡು ಹೇಳಿದರು:

"ಮನಸಿಗೆ ಹಚ್ಕಬ್ಯಾಡ ಕಣ್ ಮಗಾ. ಹೋದ್ರೆ ಹೋಯ್ತು ಬುಡು. ಬಿ.ಕಾಂ. ಓದಿದ್ದೀಯ, ನೋಡಕ್ಕೂ ಪರವಾಗಿಲ್ಲ. ನಿಂಗೂ ಒಂದ್ ಒಳ್ಳೇ ಹೆಣ್ಣು ಸಿಕ್ಕೇ ಸಿಕ್ತದೆ."

ನಾನು ಗಾಬರಿಯಿಂದ ಪಕ್ಕಕ್ಕೆ ತಿರುಗಿದೆ. ನನ್ನ ಹೆಂಡತಿ ಹೋಳಿಗೆಯ ಮೇಲೆ ತುಪ್ಪ ಹಾಕಿಸಿಕೊಳ್ಳುತ್ತಿದ್ದಳು.

"ನಾನೂ ಅದನ್ನೇ ಹೇಳ್ತಿದೀನಿ ಅಜ್ಜಿ," ಎಂದಳು. "ನಿಮ್ ಕಡೆ ಯಾವ್ದಾದ್ರೂ ಹೆಣ್ಣಿದ್ರೆ ನೋಡಿ. ಪತ್ರಿಕೆ ನಮ್ ಅಂಗಡೀಲೇ ಮಾಡ್ಕೊಡ್ತೀನಿ."