ವೀಣೆಗೆ ಮೊದಲು ಎರಡು ಮಾತು

ನನ್ನ ಹೆಂಡತಿ ವಿಜಯಾ ವೀಣೆ ನುಡಿಸುತ್ತಾಳೆ. ನಾನು ಮಾತಾಡುತ್ತೇನೆ. ಮದುವೆಯಾದ ಮೇಲೆ ಅವಳು ಒಮ್ಮೆಯೂ ವೇದಿಕೆ ಹತ್ತಿರಲಿಲ್ಲ. ನಾನು ಇಳಿದೇ ಇರಲಿಲ್ಲ! ದೋಹಾದಲ್ಲಿ ನಮ್ಮವರ ಸೀಮಂತವಿರಲಿ, ಕ್ರಿಕೆಟ್ ಪಂದ್ಯವಿರಲಿ, ಮೈಕ್ ಕಂಡಲ್ಲಿ 'ಎರಡು ಮಾತು' ಆಡದೆ ಬಂದವನಲ್ಲ. ಹಗಲೆಲ್ಲ ಕಂಪನಿಯ ಸ್ಟೋರಿನಲ್ಲಿ ಪೈಪು, ವಾಲ್ವು ನೋಡಿಕೊಳ್ಳುವವನಿಗೆ ಬೇರೆ ಸುಖವೇನಿದೆ?

ಹೀಗಿರುವಾಗ ನಮ್ಮ ಸಂಘದ ವಾರ್ಷಿಕೋತ್ಸವದಲ್ಲಿ ವಿಜಯಾಳ ವೀಣೆಗೆ ಕೊನೆಯ ಅರ್ಧ ಗಂಟೆ ಸಿಕ್ಕಿತು. ಪರಿಚಯ ಭಾಷಣ ಯಾರದು ಎಂಬ ಪ್ರಶ್ನೆ ಏಳುವ ಮೊದಲೇ ನನ್ನ ಕೈ ಎದ್ದಿತ್ತು.

ಅವಳು ಅಲ್ ರಯ್ಯಾನಿನ ನಮ್ಮ ಫ್ಲ್ಯಾಟಿನಲ್ಲಿ ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿಂಗಳುಗಟ್ಟಲೆ ಕಲ್ಯಾಣಿ ರಾಗ ಅಭ್ಯಾಸ ಮಾಡಿದಳು. ಚಿಕ್ಕಂದಿನಲ್ಲಿ ಕಲಿಸಿದ ವೀಣೆ ಟೀಚರ್ ಕುಂದಾಪುರದಿಂದ ಫೋನಿನಲ್ಲಿ ಕೇಳುತ್ತೇನೆ ಎಂದಿದ್ದರು.

"ನಿಮ್ದು ಮೂರೇ ನಿಮಿಷ, ಆಯ್ತಾ?" ಎಂದಳು. "ಹಾಲ್ ಎಂಟು ಗಂಟೆಗೆ ಬಂದ್ ಮಾಡ್ತಾರೆ. ಊರಲ್ಲಿ ಆಗ ರಾತ್ರಿ ಹತ್ತು ದಾಟಿರ್ತದೆ. ಟೀಚರ್ ಪಾಪ, ನಿದ್ದೆ ಬಿಟ್ಟು ಕೂತಿರ್ತಾರೆ."

"ಮಾತಾಡ್ಲಿಕ್ಕೆ ನಂಗೆ ನೀನು ಹೇಳಿಕೊಡುದಾ?" ಎಂದೆ.

ಎಲ್ಲರೂ ಸರಸ್ವತಿಯಿಂದ ಶುರು ಮಾಡುತ್ತಾರೆ. ನಾನು ಹಾಗೆ ಮಾಡುವವನೇ? ಇಂಟರ್ನೆಟ್ ಜಾಲಾಡಿದೆ. ಸಿಕ್ಕಿತು ಲ್ಯಾಟಿನ್! ಹಳೆಯ ರೋಮಿನವರ ತಂತಿವಾದ್ಯ 'ಕಿಥರಾ'. ಅದನ್ನು ನುಡಿಸುವವನು 'ಕಿಥರಿಸ್ತಾ'. ನುಡಿಸುತ್ತ ಹಾಡುವವನು 'ಕಿಥರೋಯ್ದುಸ್'. ತಂತಿ ಮೀಟುವ ಹೆಂಗಸು 'ಫಿದಿಕಿನಾ'. ನನ್ನ ಹೆಂಡತಿ ಫಿದಿಕಿನಾ! ಬಚ್ಚಲುಮನೆಯಲ್ಲಿ ನಲ್ಲಿ ಬಿಟ್ಟುಕೊಂಡು ಬಾಯಿಪಾಠ ಮಾಡಿದೆ.

ಆ ದಿನ ಪ್ರಾಯೋಜಕರಿಗೆಲ್ಲ ಶಾಲು ಹೊದೆಸಿ, ಮಕ್ಕಳ ಕುಣಿತ ಮುಗಿಯುವಾಗ ಏಳೂವರೆ. ಪರದೆಯ ಹಿಂದೆ ವಿಜಯಾ ಟೀಚರಿಗೆ ಫೋನ್ ಹಚ್ಚಿ ಪಕ್ಕದಲ್ಲಿಟ್ಟು, ಶ್ರುತಿ ಮಾಡಿಕೊಂಡು ಕುಳಿತಿದ್ದಳು. ಪರದೆಯ ಮುಂದೆ ನಾನು.

"ಲ್ಯಾಟಿನ್ ಭಾಷೆಯಲ್ಲಿ..." ಎಂದೆ. ಸಭೆ ಸ್ತಬ್ಧವಾಯಿತು. ಹೊರಗೆ ಊಟದ ಪೊಟ್ಟಣಗಳು ಬಂದ ವಾಸನೆಗೆ ಹಾಗಾಯಿತೆಂದು ಆಮೇಲೆ ತಿಳಿಯಿತು. ಕಿಥರಿಸ್ತಾನಿಗೂ ಕಿಥರೋಯ್ದುಸನಿಗೂ ಇರುವ ಭೇದವನ್ನು ಸೋದಾಹರಣವಾಗಿ ವಿವರಿಸಿದೆ. ಹಿಂದಿನಿಂದ 'ಟೊಂಯ್' ಎಂದು ತಂತಿ ಮಿಡಿಯಿತು. ನನ್ನ ಭಾಷಣಕ್ಕೆ ಹಿನ್ನೆಲೆ ಸಂಗೀತ! ಹೃದಯ ತುಂಬಿ ಬಂತು. ರೋಮಿನ ಔತಣಕೂಟಗಳಿಗೆ ನುಗ್ಗಿದೆ. 'ಟೊಂಯ್, ಟೊಂಯ್!' ಇನ್ನೂ ಜೋರಾಗಿ. ಎಂಥ ಹೊಂದಾಣಿಕೆಯ ದಾಂಪತ್ಯ! ಸಭೆ ನಡುವೆಯೇ ಚಪ್ಪಾಳೆ ತಟ್ಟಿತು. ಕೈಮುಗಿದು, ಅವರು ಮೆಚ್ಚಿದ ಭಾಗವನ್ನು ಮತ್ತೊಮ್ಮೆ ಹೇಳಿದೆ. ಕಾರ್ಯದರ್ಶಿ ಶೆಟ್ರು ಮುಂದಿನ ಸಾಲಿನಿಂದ ತಮ್ಮ ವಾಚು ತೋರಿಸಿದರು. ಚೆನ್ನಾಗಿದೆ ಎಂದು ತಲೆಯಾಡಿಸಿದೆ.

ಕೊನೆಗೆ ಅವರು ಎದ್ದೇ ಬಂದು ಮೈಕ್ ಕಿತ್ತುಕೊಂಡರು. "ಎಂತ ಮಾರಾಯ್ರೆ ನೀವು! ಇಳೀರಿ ಒಮ್ಮೆ!"

ಪರದೆ ಸರಿಯಿತು. ವಿಜಯಾ ಕಣ್ಣು ಮುಚ್ಚಿ ತಂತಿಯ ಮೇಲೆ ಬೆರಳಿಟ್ಟಳು. ವೇದಿಕೆಯ ದೀಪ ಆರಿತು.

"ಖಲಾಸ್! ಯಲ್ಲಾ, ಯಲ್ಲಾ!" ಹಾಲ್‌ನ ಕಾವಲುಗಾರ, ಮುಗಿಯಿತು, ಹೊರಡಿ ಎನ್ನುತ್ತ ಬಾಗಿಲಲ್ಲಿ ಬೀಗ ಹಿಡಿದು ನಿಂತಿದ್ದ. ಶೆಟ್ರು ಐದೇ ಐದು ನಿಮಿಷ ಬೇಡಿದರು. "ಮಾಫಿ!" ಎಂದ. ಅರಬಿಯಲ್ಲಿ, ಇಲ್ಲವೆಂದರೆ ಇಲ್ಲ. ಜನ ಆಗಲೇ ಪೊಟ್ಟಣದ ಸಾಲಿನಲ್ಲಿದ್ದರು.

ಕಾರಿನಲ್ಲಿ ಅವಳು ಟೀಚರಿಗೆ ಫೋನ್ ಮಾಡಿದಳು. ಆ ಮುದುಕಿಯ ದನಿ ನನಗೂ ಕೇಳಿಸಿತು. "ಕೇಳಿದೆ ಮಗಾ. ಯಾರೋ ಒಬ್ರು ಮಾತಾಡ್ತಾನೇ ಇದ್ರು. ನಡುವೆ ನೀನು ಮೀಟಿದ್ದು ಕೇಳ್ತು. ಶ್ರುತಿ ಶುದ್ಧ ಉಂಟು."

"ಹೂಂ ಟೀಚರ್. ಮಲಗಿ ನೀವು," ಎಂದು ಫೋನಿಟ್ಟಳು. ಅಳಲಿಲ್ಲ, ಬೈಯಲಿಲ್ಲ. ಬೈದಿದ್ದರೆ ಉತ್ತರ ಕೊಡಬಹುದಿತ್ತು. ನನ್ನ ನಾಲಿಗೆಯ ಮೇಲೆ ನನಗೇ ಅಸಹ್ಯ ಹುಟ್ಟಿತು. ತಿಂಗಳುಗಟ್ಟಲೆ ಬೆರಳು ಸವೆಸಿದವಳ ಕಛೇರಿ ಎಂದರೆ ಗಂಡನ ಬಾಯಿ ಮುಚ್ಚಿಸಲು ಮೀಟಿದ ಆ ಮೂರು ಮೀಟು!

ಮುಂದಿನ ಶುಕ್ರವಾರ ಅಡುಗೆಮನೆಯಿಂದ ಕಲ್ಯಾಣಿ ಕೇಳಿಸಿತು. ಬಾಯಿ ತೆರೆಯಬಾರದೆಂದು ಶಪಥ ಮಾಡಿ, ಮೆಲ್ಲಗೆ ಒಳಗೆ ಹೋಗಿ ಅಕ್ಕಿ ಚೀಲದ ಮೇಲೆ ಕುಳಿತೆ. ಅವಳು ನನ್ನನ್ನು ನೋಡಿದಳು. ತಂತಿಯಿಂದ ಕೈ ತೆಗೆದಳು. ವೀಣೆಗೆ ಬಟ್ಟೆ ಹೊದೆಸಿದಳು.

"ಯಾಕೆ ನಿಲ್ಸಿದ್ದು?" ಎಂದೆ.

"ನೀವು ಮಾತಾಡಿ," ಎಂದಳು. "ಮುಗಿದ ಮೇಲೆ ನುಡಿಸ್ತೇನೆ."

ಅಕ್ಕಿ ಚೀಲದಿಂದ ಎದ್ದು ಹೊರಗೆ ಬಂದು, ಅಡುಗೆಮನೆಯ ಬಾಗಿಲನ್ನು ನಾನೇ ಹಾಕಿದೆ.