ಓರೆ ಹಿಡಿದ ಗ್ಲಾಸು

ರುಚಿ ನೋಡದೆ ಯಾವ ಪದಾರ್ಥದ ಬಗ್ಗೆಯೂ ಅಭಿಪ್ರಾಯ ಹೇಳಬಾರದು ಎಂಬುದು ನನ್ನ ನಂಬಿಕೆ. ಚಿಕ್ಕಂದಿನಲ್ಲಿ ಬಳಪ ತಿಂದವರು ಬೇಕಾದಷ್ಟು ಜನ ಇದ್ದಾರೆ. ನಾನು ಎಮ್ಮೆಗೆ ನೆನೆಹಾಕಿದ ಹತ್ತಿಕಾಳನ್ನೂ ಬಾಯಿಗೆ ಹಾಕಿಕೊಂಡು ನೋಡಿದವಳು. ಎಮ್ಮೆಯ ಅಭಿರುಚಿ ಅಂಥ ಕೆಟ್ಟದ್ದೇನೂ ಅಲ್ಲ ಎಂದು ಅಂದೇ ತಿಳಿಯಿತು. ಮುಂದೆ ಬೈಲಹೊಂಗಲದ ಹೈಸ್ಕೂಲೊಂದರಲ್ಲಿ ನಾನು ವಿಜ್ಞಾನದ ಶಿಕ್ಷಕಿಯಾದದ್ದಕ್ಕೆ ಈ ಸ್ವಭಾವವೇ ಕಾರಣವೋ, ಆ ವರ್ಷ ಬೇರೆ ವಿಷಯದ ಹುದ್ದೆ ಖಾಲಿ ಇರಲಿಲ್ಲವೋ, ಹೇಳಲಾರೆ. ದುಶ್ಚಟಗಳ ಮೇಲೆ ವರ್ಷಕ್ಕೊಮ್ಮೆ ಭಾಷಣ ಮಾಡುವ ಕೆಲಸ ಎಲ್ಲ ಶಾಲೆಗಳಲ್ಲೂ ವಿಜ್ಞಾನದವರ ಕೊರಳಿಗೇ ಬೀಳುತ್ತದೆ. ಹೆಂಡ ಯಕೃತ್ತನ್ನು ಏನು ಮಾಡುತ್ತದೆ ಎಂಬುದನ್ನು ನಾನು ಕರಿಹಲಗೆಯ ಮೇಲೆ ಬಣ್ಣದ ಚಾಕಿನಲ್ಲಿ ಬರೆದು ತೋರಿಸಬಲ್ಲೆ. ಮಕ್ಕಳು ಹೆದರುತ್ತಾರೆ, ನನಗೂ ಸ್ವಲ್ಪ ಹೆದರಿಕೆಯಾಗುತ್ತದೆ. ಆದರೆ ಇಷ್ಟೆಲ್ಲ ಹೆದರಿಸುವ ಆ ವಸ್ತು ನಾಲಿಗೆಯ ಮೇಲೆ ಹೇಗಿರುತ್ತದೆ ಎಂಬುದು ಮಾತ್ರ ನನಗೆ ಗೊತ್ತಿರಲಿಲ್ಲ.

ನಮ್ಮ ಮದುವೆಗೆ ಇಪ್ಪತ್ತೈದು ವರ್ಷ ತುಂಬುವ ವಾರ ನಮ್ಮ ಮನೆಯವರು ಉದಾರವಾಗಿ, "ಏನ ಬೇಕ ಹೇಳು ಸುವರ್ಣಾ, ಇಲ್ಲ ಅನ್ನಾಂಗಿಲ್ಲ" ಅಂದರು. ಅವರದು ಬೀಜ, ಗೊಬ್ಬರದ ಅಂಗಡಿ. ಸೀರೆ ಕೇಳುತ್ತೇನೆಂದು ಅವರು ತಿಳಿದಿದ್ದರು. ನಾನು, ಎರಡು ದಿನ ಒಲೆ ಹಚ್ಚುವುದಿಲ್ಲ, ಬೆಳಗಾವಿ, ಧಾರವಾಡ ಸುತ್ತಿ ತಿಂದು ಕುಡಿದು ಬರೋಣ ಎಂದೆ.

"ತಿನ್ನೂದು ತಿಳೀತು. ಕುಡಿಯೂದು ಅಂದ್ರ?"

"ಕುಡಿಯೂದು ಅಂದ್ರ ಕುಡಿಯೂದ್ರಿ. ಬಿಯರ್. ಒಂದ ಗ್ಲಾಸು, ರುಚಿ ನೋಡಾಕ."

ಅವರು ಬಾಗಿಲ ಕಡೆ ನೋಡಿದರು. ಬೈಲಹೊಂಗಲದಲ್ಲಿ ಅರ್ಧ ಊರು ನನ್ನ ಹಳೆಯ ವಿದ್ಯಾರ್ಥಿಗಳು, ಉಳಿದರ್ಧ ಇವರ ಅಂಗಡಿಯ ಗಿರಾಕಿಗಳು. "ಅಲ್ಲ, ನಾನೂ ಎಂದೂ ಅದನ್ನ ಮುಟ್ಟಿದಾಂವ ಅಲ್ಲ. ಹೆಂಗ ತಗೋಬೇಕು, ಏನ ಕೇಳಬೇಕು, ನನಗರ ಏನ ಗೊತ್ತು?" ಎಂದರು. ಇಬ್ಬರೂ ಕೂಡಿಯೇ ಕಲಿಯೋಣ ಎಂದು ಸಮಾಧಾನ ಮಾಡಿದೆ. ಗಂಡ ಹೆಂಡತಿ ಈ ವಯಸ್ಸಿನಲ್ಲಿ ಕೂಡಿ ಕಲಿಯುವಂಥದ್ದು ಇನ್ನೇನು ಉಳಿದಿರುತ್ತದೆ?

ಶನಿವಾರ ಮಧ್ಯಾಹ್ನ ಹೊರಟೆವು. ಕಾರು ಓಡಿಸುವವಳು ನಾನು. ಅವರದು ಟ್ರ್ಯಾಕ್ಟರಿನ ಮೇಲೆ ಪಳಗಿದ ಕೈ, ಡಾಂಬರು ರಸ್ತೆಯಲ್ಲೂ ಹೊಲಕ್ಕೆ ರಂಟೆ ಹೊಡೆದ ಹಾಗೆ ಓಡಿಸುತ್ತಾರೆ. ಬೆಳಗಾವಿ ಮುಟ್ಟಿದ ಕೂಡಲೇ ಬಿಸಿ ಕುಂದಾ ತಿಂದೆವು. ರೂಮಿನಲ್ಲಿ ಚೀಲ ಇಟ್ಟು ಸ್ವಲ್ಪ ಅಡ್ಡಾಡಿ, ಹಸಿವು ಹುಟ್ಟಿಸಿಕೊಂಡು, ಸಂಜೆ ಕುಟುಂಬಸ್ಥರಿಗೆಂದೇ ಬೇರೆ ಕೋಣೆ ಇದ್ದ ಒಂದು ಹೋಟೆಲಿಗೆ ಹೋದೆವು. ನಾನು ಸೆರಗು ಹೊದ್ದು, ಗುಡಿಯಲ್ಲಿ ಕೂತ ಹಾಗೆ ಕೂತಿದ್ದೆ. ಪಕ್ಕದ ಟೇಬಲ್ಲಿನ ಹುಡುಗಿ ಒಬ್ಬಳು ಫೋನು ನೋಡುತ್ತ ಲಿಂಬು ಶರಬತ್ತು ಕುಡಿಯುವಷ್ಟು ಸಹಜವಾಗಿ ಬಿಯರ್ ಕುಡಿಯುತ್ತಿದ್ದಳು. ಅವಳಿಗಿಲ್ಲದ ಸಂಕೋಚವನ್ನೂ ಸೇರಿಸಿ ನಾನೇ ಪಟ್ಟೆ.

ವೇಟರ್ ಬಾಟಲಿ ಬಿಚ್ಚಿ ಇಟ್ಟು ಹೋದ. ನಮ್ಮ ಮನೆಯವರು ಅದನ್ನು ಕೈಗೆ ತೆಗೆದುಕೊಂಡರು. ಇನ್ನೊಂದು ಕೈಯಲ್ಲಿ ಗ್ಲಾಸನ್ನು ಓರೆಯಾಗಿ ಹಿಡಿದು, ಅದರ ಒಳಗೋಡೆಗುಂಟ ಸಾವಕಾಶ ಸುರಿದರು. ಗ್ಲಾಸು ತುಂಬಿದಂತೆ ನೆಟ್ಟಗೆ ಮಾಡುತ್ತ ಬಂದರು. ಕೊನೆಗೆ ಮೇಲೆ ಒಂದು ಬೆರಳಿನಷ್ಟು ನೊರೆ ನಿಂತಿತು. ಒಂದು ಹನಿ ಚೆಲ್ಲಲಿಲ್ಲ. ಪ್ರಯೋಗಶಾಲೆಯಲ್ಲಿ ಇಷ್ಟು ಚೆಂದ ಸುರಿಯುವುದನ್ನು ಕಲಿಸಲು ನನಗೆ ಒಂದು ವರ್ಷ ಬೇಕಾಗುತ್ತದೆ.

ನಾನು ಒಂದು ಗುಟುಕು ಕುಡಿದೆ. ಬೇವಿನ ಕಡ್ಡಿ ತೊಳೆದ ನೀರಿಗೆ ಸೋಡಾ ಹಾಕಿದ ಹಾಗಿತ್ತು. "ಅಯ್ಯ, ಇದಕ್ಕಽ ಇಷ್ಟ ಮಂದಿ ಮನಿ ಮುಳಗಿಸ್ಕೊಂಡ್ರಾ?" ಎಂದೆ. ಅವರು ನಕ್ಕು, ಮಸಾಲಾ ಪಾಪಡ ಮುರಿಯುತ್ತ, "ಮೊದಲನೇ ಸಲ ಎಲ್ಲಾರಿಗೂ ಹಂಗಽ ಅನಸ್ತೈತಿ" ಅಂದುಬಿಟ್ಟರು.

ನಾನು ಗ್ಲಾಸು ಕೆಳಗಿಟ್ಟೆ.

"ಎಲ್ಲಿ ಕಲ್ತ್ರಿ?"

"ಏನ?"

"ಗ್ಲಾಸ ಓರೆ ಹಿಡಿಯೂದು."

"ಅಂಗಡ್ಯಾಗ ಎಣ್ಣಿ ಔಷಧ ಅಳದ ಕೊಡೂ ಮುಂದ ಬುರುಗ ಬರಬಾರದಂತ ಹಿಂಗಽ ಹಿಡೀತೇವಿ" ಎಂದರು. ಹತ್ತಿಯ ಹುಳುವಿಗೆ ಹೊಡೆಯುವ ಔಷಧವನ್ನು ಮಸಾಲಾ ಪಾಪಡದ ಜೊತೆ ತರುವ ಈ ಧೈರ್ಯ ಕಂಡು ನಾನು ಮುಂದೆ ಕೇಳಲಿಲ್ಲ.

ಅವರು ಕುಡಿದರೆಂಬುದು ನನಗೆ ದೊಡ್ಡ ಸಂಕಟವಾಗಿರಲಿಲ್ಲ. ಕುಡಿದು ತೂರಾಡಿದವರಲ್ಲ, ಅಂಗಡಿಯಿಂದ ನೆಟ್ಟಗೆ ಮನೆಗೆ ಬರುವವರು. ಆದರೆ ನಾನೇ ಸಾರಿಸಿ ಗುಡಿಸಿದ ಮನೆಯಲ್ಲಿ ನಾನು ಒಮ್ಮೆಯೂ ಕಾಲಿಡದ ಒಂದು ಖೋಲಿ ಇದೆ ಎಂದು ತಿಳಿದ ಹಾಗಾಯಿತು. ಆ ಖೋಲಿಯಲ್ಲಿ ಇವರ ಜೊತೆ ಕೂತವರು ಯಾರು? ಪೇಟೆಯ ಗೆಳೆಯರೇ? ಬೀಜದ ಕಂಪನಿಯವರೇ? ಮರುದಿನ ಬೆಳಗ್ಗೆ ಉಪ್ಪಿಟ್ಟು ತಿನ್ನುವಾಗಲೂ ನನಗೆ ಅದೇ ಧ್ಯಾನ. ಅವರ ಗೆಳೆಯರನ್ನೆಲ್ಲ ಒಬ್ಬೊಬ್ಬರನ್ನಾಗಿ ಮನಸ್ಸಿನಲ್ಲಿ ಕೂಡ್ರಿಸಿ, ಕೈಗೆ ಗ್ಲಾಸು ಕೊಟ್ಟು ನೋಡಿದೆ. ಯಾರಿಗೂ ಹೊಂದಲಿಲ್ಲ.

ಧಾರವಾಡದ ದಾರಿಯಲ್ಲಿ ನಾನು ಮಾತಾಡಲಿಲ್ಲ. ನಮ್ಮ ಮನೆಯವರು ಬೈಗಳನ್ನು ಆರಾಮವಾಗಿ ತಡೆದುಕೊಳ್ಳುತ್ತಾರೆ, ಮೌನವನ್ನು ತಡೆಯಲಾರರು. ಕಿತ್ತೂರಿನಲ್ಲಿ ಗಿರಮಿಟ್ಟು, ಮೆಣಸಿನಕಾಯಿ ಭಜಿ ತಿನ್ನಲು ನಿಲ್ಲಿಸಿದಾಗ ಅರ್ಧ ಕಚ್ಚಿದ ಭಜಿಯನ್ನು ಕೈಯಲ್ಲೇ ಹಿಡಿದು, "ಹೇಳ್ತೇನಿ. ಆದ್ರ ನೀ ಯಾರನ್ನೂ ಏನೂ ಕೇಳಬಾರದು" ಎಂದರು.

"ಯಾರ ಕೂಡ?"

"ನಿಮ್ಮಪ್ಪಾರ ಕೂಡ."

ನಮ್ಮ ತವರು ಸವದತ್ತಿ ತಾಲ್ಲೂಕಿನ ಹೂಲಿ. ಅಪ್ಪ ಹಣೆತುಂಬ ವಿಭೂತಿ ಹಚ್ಚದೆ ಹೊಸ್ತಿಲು ದಾಟಿದವರಲ್ಲ. ಊರಲ್ಲಿ ಯಾರಾದರೂ ಕುಡಿದು ಹೆಂಡತಿಯನ್ನು ಹೊಡೆದರೆ ಬುದ್ಧಿ ಹೇಳಲು ಅಪ್ಪನನ್ನೇ ಕರೆಯುತ್ತಿದ್ದರು. ನನ್ನ ತಮ್ಮ ಒಂದು ಬೀಡಿ ಸೇದಿದ್ದಕ್ಕೆ ಬಾರುಕೋಲು ಹಿಡಿದು ಓಣಿತುಂಬ ಬೆನ್ನಟ್ಟಿದವರು. ಮದುವೆಯಾದ ಹೊಸದರಲ್ಲಿ ಇವರು ಹೂಲಿಗೆ ಬಂದಾಗ, "ಬರ್ರಿ ಅಳಿಯಂದ್ರ, ಹೊಲಾ ನೋಡಿ ಬರೂಣು" ಎಂದು ಅಪ್ಪ ಕರೆದುಕೊಂಡು ಹೋದರಂತೆ. ಬೀಜದ ವಿಚಾರ ಕೇಳುತ್ತಾರೆಂದು ಇವರು ಉತ್ತರ ಸಿದ್ಧ ಮಾಡಿಕೊಂಡು ನಡೆದಿದ್ದಾರೆ. ಅಪ್ಪ ಬಣವೆಯ ಹಿಂದೆ ಕೂತು, ಜೋಳದ ಕಣಿಕೆಯೊಳಗೆ ಕೈಹಾಕಿ ಬಾಟಲಿ ತೆಗೆದಿದ್ದಾರೆ. ಅಳಿಯ ಕುಡುಕನೋ ಏನೋ ಎಂದು ಪರೀಕ್ಷೆ ಮಾಡುತ್ತಿದ್ದಾರೆಂದು ಹೆದರಿ ಇವರು ಒಲ್ಲೆ, ಒಲ್ಲೆ ಎಂದಿದ್ದಾರೆ. ಅಪ್ಪನ ಮುಖ ಸಣ್ಣದಾಯಿತಂತೆ.

"'ಒಬ್ಬಾಂವಽ ಕುಡದ ಕುಡದ ಭಾಳ ಬ್ಯಾಸರಾಗೇದರಿ' ಅಂದ್ರು ನೋಡು. ನಾಕ ಮಂದಿ ಮುಂದ ಕುಡಿಯಾಂಗಿಲ್ಲ, ಮನ್ಯಾಗ ಕುಡಿಯಾಂಗಿಲ್ಲ. ಅಂಥಾ ಮನಿಷ್ಯಾ ಹಂಗ ಅಂದ್ರ ನಾ ಏನ ಮಾಡ್ಲಿ? ಹಬ್ಬಕ್ಕ ಹೋದಾಗ ಒಮ್ಮೆ, ಅಷ್ಟಽ. ಗ್ಲಾಸ ಓರೆ ಹಿಡಿಯೂದು ಅವರಽ ಕಲಿಸಿದ್ದು. 'ಸುವರ್ಣಾಗ ಮಾತ್ರ ತಿಳಿಯೂದ ಬ್ಯಾಡ, ಆಕಿ ನನ್ನ ದೇವರಂತ ತಿಳದಾಳ' ಅಂತ ಆಣಿ ಹಾಕಿಸ್ಕೊಂಡ್ರು."

ಭಜಿ ಖಾರವಾಗಿತ್ತು, ಕಣ್ಣಲ್ಲಿ ನೀರು ಬಂದದ್ದಕ್ಕೆ ಅದನ್ನೇ ಕಾರಣ ಮಾಡಿದೆ. ಮಳೆ ಕೈಕೊಟ್ಟ ವರ್ಷವೂ ಅಪ್ಪ ಹೊಲ ನೋಡಿಕೊಂಡು ನಗುನಗುತ್ತ ಮನೆಗೆ ಬರುತ್ತಿದ್ದರು. ಅದನ್ನು ನಾನು ರೈತನ ಸ್ಥೈರ್ಯ ಎಂದುಕೊಂಡು, ಮಕ್ಕಳಿಗೆ ಉದಾಹರಣೆಯಾಗಿಯೂ ಹೇಳಿದ್ದೆ. ಕಿತ್ತೂರಿನಿಂದ ಧಾರವಾಡದವರೆಗೆ ನಮ್ಮ ಮನೆಯವರಿಗೆ ಒಂದೇ ಸಮನೆ ಉಪದೇಶ ಮಾಡಿದೆ: ಗಂಡ ಹೆಂಡಿರ ನಡುವೆ ಮುಚ್ಚುಮರೆ ಇರಬಾರದು, ಆಣೆ ಯಾರದೇ ಇರಲಿ, ಹೆಂಡತಿಗೆ ಹೇಳಬೇಕು. ಅವರು ತಲೆತಗ್ಗಿಸಿ ಹೂಂ ಹೂಂ ಎಂದರು. ಧಾರವಾಡದಲ್ಲಿ ಏನು ಉಂಡೆನೋ ನೆನಪಿಲ್ಲ. ಪೇಢೆ ಕಟ್ಟಿಸಿಕೊಂಡು ಕಾರನ್ನು ಸವದತ್ತಿಯ ಕಡೆ ತಿರುಗಿಸಿದೆ. "ಏ ಸುವರ್ಣಾ, ಬ್ಯಾಡ" ಎಂದು ಅವರು ದಾರಿಯುದ್ದಕ್ಕೂ ಬೇಡಿಕೊಂಡರು.

ಹೂಲಿಯಲ್ಲಿ ಅಪ್ಪ ಕಟ್ಟೆಯ ಮೇಲೆ ಮೊಮ್ಮಕ್ಕಳ ನಡುವೆ ಕೂತಿದ್ದರು. ನಾವಿಬ್ಬರೂ ಕಾಲಿಗೆ ಬಿದ್ದೆವು. ಸಕ್ಕರೆ ಕಾಯಿಲೆಯಾದ್ದರಿಂದ ಪೇಢೆಯ ಒಂದು ಚೂರು ಮಾತ್ರ ಮುರಿದು ಬಾಯಿಗೆ ಹಾಕಿಕೊಂಡು, "ಚಲೋತಂಗ ತಿಂದ್ರಿಲ್ಲೋ ಮಗಳ? ಅಡ್ಡ್ಯಾಡಿದ್ರಿಲ್ಲೋ?" ಎಂದರು. ಸವದತ್ತಿಯಿಂದ ಇಲ್ಲಿಯವರೆಗೆ ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧ ಮಾಡಿಕೊಂಡಿದ್ದ ಪ್ರಶ್ನೆಯನ್ನು ಬಿಟ್ಟು, ಕುಂದಾ, ಭಜಿಯ ಹೆಸರು ಹೇಳಿದೆ. ಅವರು ಎಷ್ಟು ತೆಳ್ಳಗಾಗಿದ್ದರೆಂದರೆ ವಿಭೂತಿಗೆ ಹಣೆ ಸಾಲುತ್ತಿರಲಿಲ್ಲ. ಸ್ವಲ್ಪ ಹೊತ್ತಾದ ಮೇಲೆ, ಯಾರಿಗೂ ಅಲ್ಲವೆಂಬಂತೆ, "ಅಳಿಯಂದ್ರ, ಹೊಲಾ ನೋಡಿ ಬರೂಣೇನ್ರಿ?" ಎಂದರು.

ನಮ್ಮ ಮನೆಯವರು ನನ್ನನ್ನು ನೋಡಿದರು.

"ಹೋಗಿ ಬರ್ರಿ" ಎಂದೆ. "ಕಡ್ಲಿ ಹೂವಿಗೆ ಬಂದಿರಬೇಕು."

ಅಡಿಗೆಮನೆಯಲ್ಲಿ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಬೆಳಗಾವಿಯಲ್ಲಿ ಏನೇನು ತಿಂದಿರಿ ಎಂದು ಕೇಳಿದಳು. ಕುಂದಾ ಎಂದೆ, ಪಾಪಡ ಎಂದೆ. ನನ್ನ ಬಾಯಿಯಲ್ಲಿ ಮಾತು ನಿಲ್ಲುವುದು ಕಷ್ಟ. ಬಿಯರ್ ಕುಡಿದದ್ದನ್ನೂ ಹೇಳಿಬಿಟ್ಟೆ. ಹೊಲದ ಸುದ್ದಿ ಮಾತ್ರ ಎತ್ತಲಿಲ್ಲ. ಬಡಿಯುವ ಕೈ ನಿಂತಿತು. ಬೈಯುತ್ತಾಳೆ ಎಂದು ಕಾದೆ. ಅವಳು ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ, "ಹೆಂಗಿತ್ತ?" ಎಂದಳು.

"ಕಹಿ, ಅವ್ವಾ. ಏನೂ ಚಂದಿಲ್ಲ."

ಅವ್ವ ರೊಟ್ಟಿಯನ್ನು ಹಂಚಿಗೆ ಹಾಕಿ, ಮೇಲೆ ಒದ್ದೆ ಅರಿವೆ ಆಡಿಸಿದಳು. "ಹಂಗಾರ ನಿಮ್ಮಪ್ಪ ಇಷ್ಟ ವರ್ಷ ಖರೇನಽ ಹೊಲಾ ನೋಡಾಕ ಹೋಗಿರಬೇಕ ಬಿಡು" ಎಂದಳು.

ನಾನು ಅವಳ ಮುಖ ನೋಡಿದೆ. ನಗು ಇರಲಿಲ್ಲ. ರೊಟ್ಟಿ ಉಬ್ಬಿತು, ತಿರುವಿ ಹಾಕಿದಳು.

"ನಿನಗ ಗೊತ್ತಿತ್ತಾ?"

"ಅವರ ಮುಂದ ಅನಬ್ಯಾಡ ಮತ್ತ. ನಿನ್ನ ಗಂಡನ ಮುಂದೂ ಬ್ಯಾಡ, ಅವರು ಹೋಗಿ ಹೇಳ್ತಾರ. ನನಗ ಗೊತ್ತೈತಿ ಅಂತ ತಿಳದ್ರ, ಪಾಪ, ಹೋಗೂದಽ ಬಿಡ್ತಾರ."

ಅಪ್ಪ, ಅಳಿಯ ಇಬ್ಬರೂ ಕಡಲೆಯ ಬೆಳೆಯನ್ನು ಹೊಗಳುತ್ತ ಬಂದರು. ಅವ್ವ ಬಿಸಿ ರೊಟ್ಟಿ ಬಡಿಸುತ್ತ, ಈ ಸಲ ಕಡಲೆ ಎಷ್ಟು ಎತ್ತರ ಬಂದಿದೆ ಎಂದು ಕೇಳಿದಳು. ಅಪ್ಪ ಕೈಯಿಂದ ಎತ್ತರ ತೋರಿಸಿದರು. ಸುಮಾರು ಒಂದು ಬಾಟಲಿಯಷ್ಟಿತ್ತು.

ಹೊತ್ತು ಮುಳುಗುವ ಮುಂಚೆ ಬೈಲಹೊಂಗಲಕ್ಕೆ ಹೊರಟೆವು. ನಮ್ಮ ಮನೆಯವರು ಭಾರ ಇಳಿಸಿದವರ ಹಾಗೆ ಹಗುರಾಗಿ ಕೂತಿದ್ದರು. ಸವದತ್ತಿ ದಾಟಿದ ಮೇಲೆ, "ಅಡಿಗಿ ಮನ್ಯಾಗ ಅತ್ತಿಯಾರ ಕೂಡ ಭಾಳ ಹೊತ್ತ ಏನ ಮಾತಾಡಾಕ ಹತ್ತಿದ್ದಿ?" ಎಂದು ಕೇಳಿದರು.

"ಏನಿಲ್ಲರಿ. ಜ್ವಾಳದ ಹಿಟ್ಟು ಈ ಸಲ ಜಿಗಟ ಕಡಿಮಿ ಐತಂತ" ಎಂದೆ.

ಅವರು ನಂಬಿದರು. ಯಾವ ಅಂಗಡಿಯ ಬೀಜದ ಜೋಳ ಎಂದು ಕೇಳಿದರು, ಅದಕ್ಕೂ ಒಂದು ಉತ್ತರ ಕೊಟ್ಟೆ. ಮುಂದೆ ಯರಗಟ್ಟಿಯವರೆಗೆ ಅವರು ಜೋಳದ ತಳಿಗಳ ಬಗ್ಗೆ ಮನಸ್ಸು ಬಿಚ್ಚಿ ಮಾತಾಡಿದರು, ನಾನು ರಸ್ತೆಯ ಮೇಲೆ ಕಣ್ಣಿಟ್ಟು ಹೂಂ ಹೂಂ ಎನ್ನುತ್ತ ಕಾರು ಓಡಿಸಿದೆ.